ಮಕ್ಕಳ ಕುಂಚದಲ್ಲಿ ಘನಾಕೃತಿ ಚಿತ್ರ

ಅಕ್ಷರ ಕಲಿಯುವ ಮೊದಲೇ ಮಗು ಚಿತ್ರ ಬರೆಯಲು ತೊಡಗುತ್ತದೆ. ಅಂಗಳದ ಮಣ್ಣಿನಲ್ಲಿ ಕಡ್ಡಿಯಿಂದ, ಜಗಲಿಯ ಕಲ್ಲಿನ ಮೇಲೆ ಇದ್ದಿಲಿನಿಂದ, ಹಬ್ಬಕ್ಕೆಂದು ಸುಣ್ಣ ಬಳಿದ ಗೋಡೆಯ ಮೇಲೆ ಅಪ್ಪನ ಪೆನ್ನಿನಿಂದ ಅದು ಎಳೆಯುವ ಗೆರೆಗಳಿಗೆ ಲೆಕ್ಕವಿಲ್ಲ. ಆದರೆ ಹತ್ತು ಹನ್ನೆರಡು ವರ್ಷ ತುಂಬುವ ಹೊತ್ತಿಗೆ ಅದೇ ಮಗು “ನನಗೆ ಚಿತ್ರ ಬರೆಯಲು ಬರುವುದಿಲ್ಲ” ಎಂದು ಬಣ್ಣದ ಪೆಟ್ಟಿಗೆಯನ್ನು ಮೂಲೆಗೆ ಸರಿಸಿಬಿಡುತ್ತದೆ. ಈ ನಡುವೆ ಏನಾಯಿತು ಎಂಬುದನ್ನು ತಂದೆತಾಯಿಗಳೂ ಉಪಾಧ್ಯಾಯರೂ ಒಂದು ಗಳಿಗೆ ಕುಳಿತು ಯೋಚಿಸಬೇಕು.

ಆ ಯೋಚನೆಯನ್ನು ನನ್ನಿಂದಲೇ ಆರಂಭಿಸುತ್ತೇನೆ. ಚಿತ್ರಕಲಾ ಶಿಕ್ಷಕನಾಗಿ ಕೆಲಸಕ್ಕೆ ಸೇರಿದ ಹೊಸತು. ಈ ಸೀಮೆಯ ಶಾಲೆಯೊಂದರಲ್ಲಿ ಐದನೆಯ ತರಗತಿಯ ಮಕ್ಕಳಿಗೆ ಎತ್ತಿನ ಬಂಡಿಯ ಚಿತ್ರ ಬರೆಯಲು ಹೇಳಿದ್ದೆ. ಹುಡುಗನೊಬ್ಬ ಬಂಡಿಯನ್ನು ಪಕ್ಕದಿಂದ ಕಂಡಂತೆ ಬರೆದು, ಎರಡು ಗಾಲಿಗಳನ್ನೂ ಒಂದರ ಪಕ್ಕದಲ್ಲೊಂದು ದುಂಡಗೆ, ಪೂರ್ಣವಾಗಿ ಬಿಡಿಸಿದ್ದ. ಎರಡು ಎತ್ತುಗಳು ಒಂದರ ಮೇಲೊಂದು ನಿಂತಿದ್ದವು. ಬಂಡಿಯೊಳಗಿನ ಹಿಪ್ಪುನೇರಳೆ ಸೊಪ್ಪು ಮರದ ಹಲಗೆಯನ್ನು ದಾಟಿ ಹೊರಕ್ಕೆ ಕಾಣುತ್ತಿತ್ತು. ನಾನು ಕೆಂಪು ಶಾಯಿಯಿಂದ ಅಡ್ಡಗೆರೆ ಎಳೆದು, “ಪಕ್ಕದಿಂದ ನೋಡಿದರೆ ಒಂದೇ ಗಾಲಿ ಕಾಣುತ್ತದೆ” ಎಂದೆ. “ಒಂದೇ ಗಾಲಿ ಇದ್ದರೆ ಬಂಡಿ ಬಿದ್ದುಹೋಗುತ್ತದಲ್ಲ ಸಾರ್” ಎಂದು ಅವನು ಮೆಲ್ಲಗೆ ಹೇಳಿದ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆ ವರ್ಷ ಪೂರ್ತಿ ಅವನು ನಾನು ಹಲಗೆಯ ಮೇಲೆ ಬರೆದದ್ದನ್ನು ನಕಲು ಮಾಡಿದನೇ ಹೊರತು, ತನ್ನದೆಂದು ಒಂದು ಗೆರೆಯನ್ನೂ ಎಳೆಯಲಿಲ್ಲ.

ಹುಡುಗ ಹೇಳಿದ್ದು ನಿಜವೆಂದು ನನಗೆ ತಿಳಿಯಲು ಬಹಳ ವರ್ಷಗಳೇ ಬೇಕಾದವು. ಅವನು ಕಣ್ಣಿಗೆ ಕಂಡ ಬಂಡಿಯನ್ನಲ್ಲ, ತಾನು ಬಲ್ಲ ಬಂಡಿಯನ್ನು ಬರೆದಿದ್ದ. ಮಕ್ಕಳು ಹೀಗೆ ಕಂಡದ್ದಕ್ಕಿಂತ ಹೆಚ್ಚಾಗಿ ತಿಳಿದದ್ದನ್ನೇ ಬರೆಯುತ್ತಾರೆಂದು ಫ್ರಾನ್ಸಿನ ವಿದ್ವಾಂಸ ಲ್ಯೂಕೆ 1927ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರವಾಗಿ ತೋರಿಸಿಕೊಟ್ಟಿದ್ದಾರೆ. ಅದಕ್ಕೂ ಇಪ್ಪತ್ತು ವರ್ಷ ಮೊದಲೇ ಅದೇ ದೇಶದ ಪ್ಯಾರಿಸ್ ನಗರದಲ್ಲಿ, ಕಣ್ಣಿಗೆ ಕಂಡಂತೆ ಬರೆಯುವುದರಲ್ಲಿ ಪಳಗಿದ ಇಬ್ಬರು ತರುಣ ಕಲಾವಿದರು ವಸ್ತುವನ್ನು ತಾವು ಬಲ್ಲಂತೆ ಬರೆಯುವುದು ಹೇಗೆಂದು ಹಗಲಿರುಳು ಹೆಣಗುತ್ತಿದ್ದರು. ಅವರ ಆ ಹೆಣಗಾಟದಿಂದ ಹುಟ್ಟಿದ್ದೇ ಘನಾಕೃತಿ ಪಂಥ. ಕ್ಯೂಬಿಸಂ ಎಂದು ಜಗತ್ತು ಕರೆಯುವುದು ಇದನ್ನೇ.

ಘನಾಕೃತಿ ಎಂದರೇನು?

ಆ ಇಬ್ಬರಲ್ಲಿ ಒಬ್ಬರು ಸ್ಪೇನ್ ದೇಶದ ಮಾಲಗಾ ಎಂಬ ಊರಿನಲ್ಲಿ 1881ರಲ್ಲಿ ಹುಟ್ಟಿದ ಪಾಬ್ಲೋ ಪಿಕಾಸೊ. ಇವರ ತಂದೆ ಚಿತ್ರಕಲಾ ಉಪಾಧ್ಯಾಯರು. ಇನ್ನೊಬ್ಬರು ಫ್ರಾನ್ಸಿನ ಜಾರ್ಜ್ ಬ್ರಾಕ್. ಇವರದು ಮನೆಗಳಿಗೆ ಬಣ್ಣ ಬಳಿಯುವ ಕಸುಬಿನ ಮನೆತನ. 1907ರಲ್ಲಿ ಪಿಕಾಸೊ ಐವರು ಸ್ತ್ರೀಯರ ದೊಡ್ಡ ಚಿತ್ರವೊಂದನ್ನು ಬರೆದರು. ಅದರಲ್ಲಿ ಎದುರಿಗೆ ತಿರುಗಿದ ಮುಖಕ್ಕೆ ಪಕ್ಕದಿಂದ ಕಾಣುವ ಮೂಗನ್ನು ಇಟ್ಟಿದ್ದರು. ಮರುವರ್ಷ ಬ್ರಾಕ್ ಸಮುದ್ರ ತೀರದ ಊರೊಂದರ ಮನೆಗಳನ್ನು ಬಾಗಿಲು ಕಿಟಕಿಗಳಿಲ್ಲದ ಚೌಕದ ಗಟ್ಟಿಗಳಂತೆ ಬರೆದು ಪ್ರದರ್ಶಿಸಿದರು. ಅದನ್ನು ಕಂಡ ವಿಮರ್ಶಕ ಲೂಯಿ ವೋಸೆಲ್, ಇಲ್ಲಿ ಎಲ್ಲವೂ ಘನಗಳಾಗಿ ಹೋಗಿವೆ ಎಂಬರ್ಥದ ಹಗುರ ಮಾತಾಡಿದರು. ಗೇಲಿಯ ಆ ಮಾತೇ ಮುಂದೆ ಪಂಥದ ಹೆಸರಾಯಿತು.

ಹೆಸರನ್ನು ಕೇಳಿ ಘನಾಕೃತಿ ಎಂದರೆ ಎಲ್ಲವನ್ನೂ ಪೆಟ್ಟಿಗೆಗಳಂತೆ ಬರೆಯುವುದು ಎಂದುಕೊಂಡರೆ ತಪ್ಪಾಗುತ್ತದೆ. ಅದರ ತಿರುಳು ಬೇರೆಯಾಗಿದೆ. ಕುರುಡರು ಆನೆಯನ್ನು ಮುಟ್ಟಿದ ಕಥೆ ನಮಗೆಲ್ಲ ಗೊತ್ತು. ಕಾಲು ಮುಟ್ಟಿದವನಿಗೆ ಆನೆ ಕಂಬ, ಕಿವಿ ಮುಟ್ಟಿದವನಿಗೆ ಮೊರ, ಬಾಲ ಮುಟ್ಟಿದವನಿಗೆ ಹಗ್ಗ. ಪ್ರತಿಯೊಬ್ಬನ ಮಾತೂ ನಿಜ, ಆದರೆ ಯಾರ ಮಾತೂ ಪೂರ್ಣವಲ್ಲ. ಒಂದೇ ಕಡೆ ಕುಳಿತು, ಒಂದೇ ನೋಟದಲ್ಲಿ ಕಂಡದ್ದನ್ನಷ್ಟೇ ಬರೆಯುವ ಚಿತ್ರಕಾರನೂ ಒಂದು ರೀತಿಯಲ್ಲಿ ಆನೆಯ ಒಂದು ಅಂಗವನ್ನು ಮುಟ್ಟಿದವನಂತೆಯೇ. ಘನಾಕೃತಿಯ ಕಲಾವಿದ ವಸ್ತುವಿನ ಸುತ್ತ ನಡೆದು, ಮೇಲಿನಿಂದ, ಕೆಳಗಿನಿಂದ, ಎಡದಿಂದ, ಬಲದಿಂದ ನೋಡಿ, ಎಲ್ಲ ನೋಟಗಳನ್ನೂ ಒಂದೇ ಹಾಳೆಯ ಮೇಲೆ ಕೂಡಿಸುತ್ತಾನೆ. ಆಗ ರೂಪ ಒಡೆದಂತೆ ಕಾಣುತ್ತದೆ. ವಾಸ್ತವವಾಗಿ ಅಲ್ಲಿ ಒಡೆದಿರುವುದು ಒಂದೇ ಕಡೆಯಿಂದ ನೋಡುವ ನಮ್ಮ ಅಭ್ಯಾಸ.

ಈ ಪಂಥದ ಬೆಳವಣಿಗೆಯಲ್ಲಿ ಎರಡು ಘಟ್ಟಗಳನ್ನು ಗುರುತಿಸುತ್ತಾರೆ. ಸುಮಾರು 1909ರಿಂದ 1912ರವರೆಗೆ ಪಿಕಾಸೊ ಮತ್ತು ಬ್ರಾಕ್ ವಸ್ತುಗಳನ್ನು ಚೂರುಚೂರಾಗಿ ಬಿಡಿಸಿ ನೋಡಿದರು. ಈ ಚಿತ್ರಗಳಲ್ಲಿ ಬಣ್ಣ ಕಡಿಮೆ, ಕಂದು ಮತ್ತು ಬೂದು ಹೆಚ್ಚು. 1912ರಿಂದ ಈಚೆಗೆ ಬಿಡಿಸಿದ್ದನ್ನು ಮತ್ತೆ ಕಟ್ಟತೊಡಗಿದರು. ಪಿಕಾಸೊ ಬೆತ್ತದ ಹೆಣಿಗೆಯ ಅಚ್ಚಿದ್ದ ಮೇಜುಬಟ್ಟೆಯ ತುಂಡನ್ನು ಚಿತ್ರಕ್ಕೆ ಅಂಟಿಸಿ, ಚೌಕಟ್ಟಿನ ಬದಲು ಹಗ್ಗವನ್ನು ಸುತ್ತಿದರು. ಬ್ರಾಕ್ ಮರದ ಗೆರೆಗಳ ಅಚ್ಚಿರುವ ಗೋಡೆಕಾಗದವನ್ನು ಕತ್ತರಿಸಿ ಅಂಟಿಸಿದರು, ಬಣ್ಣಕ್ಕೆ ಮರಳನ್ನು ಬೆರೆಸಿದರು. ಕೊಲಾಜ್ ಎಂದು ಇಂದು ಶಾಲೆಯ ಮಕ್ಕಳು ಮಾಡುವ ಅಂಟುಚಿತ್ರ ಕಲಾಲೋಕದಲ್ಲಿ ಗೌರವದ ಸ್ಥಾನ ಪಡೆದದ್ದು ಹೀಗೆ.

ನಮ್ಮ ನೆಲಕ್ಕೆ ಇದು ಹೊಸತೇ?

ಪರದೇಶದ ಈ ಪದ್ಧತಿ ನಮ್ಮ ಮಕ್ಕಳಿಗೇಕೆ ಎಂದು ಹಿರಿಯರು ಕೇಳಬಹುದು. ಗೌರಿಬಿದನೂರಿನಿಂದ ಹಿಂದೂಪುರದ ಮಾರ್ಗವಾಗಿ ಲೇಪಾಕ್ಷಿಗೆ ಹೋಗಿಬನ್ನಿ. ವಿಜಯನಗರದ ಕಾಲದಲ್ಲಿ, 16ನೆಯ ಶತಮಾನದಲ್ಲಿ ಕಟ್ಟಿದ ಅಲ್ಲಿನ ವೀರಭದ್ರ ದೇವಾಲಯಕ್ಕೆ ನಮ್ಮ ಅನೇಕ ಮನೆತನಗಳವರು ನಡೆದುಕೊಳ್ಳುತ್ತಾರೆ. ದೊಡ್ಡ ನಂದಿಯನ್ನೂ ನೆಲ ಮುಟ್ಟದ ಕಂಬವನ್ನೂ ನೋಡಿ ಹಿಂದಿರುಗುವ ಭಕ್ತರು, ಅಲ್ಲಿಯೇ ಇರುವ ಒಂದು ಚಿಕ್ಕ ಉಬ್ಬುಶಿಲ್ಪವನ್ನು ಗಮನಿಸದೆ ಬರುವುದುಂಟು. ಅದು ಒಂದೇ ಒಡಲಿಗೆ ಮೂರು ತಲೆಗಳಿರುವ ಹಸು. ಎರಡು ತಲೆಗಳನ್ನು ಅಂಗೈಯಿಂದ ಮರೆಮಾಡಿದರೆ ಉಳಿದ ಒಂದು ತಲೆಯಿಂದಲೇ ಹಸು ಪೂರ್ಣವಾಗಿ ಕಾಣುತ್ತದೆ. ಒಂದು ಹಸು ಬೇರೆ ಬೇರೆ ಗಳಿಗೆಗಳಲ್ಲಿ ತಲೆಯನ್ನು ಬೇರೆ ಬೇರೆ ಕಡೆ ತಿರುಗಿಸುವುದನ್ನು ಶಿಲ್ಪಿ ಒಂದೇ ಕಲ್ಲಿನಲ್ಲಿ ಕೂಡಿಸಿದ್ದಾನೆ. ತಮಿಳುನಾಡಿನ ದಾರಾಸುರಂನಲ್ಲಿರುವ 12ನೆಯ ಶತಮಾನದ ಐರಾವತೇಶ್ವರ ದೇವಾಲಯದಲ್ಲಿ ಒಂದೇ ತಲೆಯನ್ನು ಆನೆಯೂ ಎತ್ತೂ ಹಂಚಿಕೊಂಡಿರುವ ಶಿಲ್ಪವಿದೆ. ಒಂದು ಕಡೆಯ ಒಡಲನ್ನು ಮುಚ್ಚಿದರೆ ಆನೆ, ಇನ್ನೊಂದು ಕಡೆಯದನ್ನು ಮುಚ್ಚಿದರೆ ಎತ್ತು.

ನಮ್ಮ ತೊಗಲುಗೊಂಬೆಗಳನ್ನು ನೋಡಿರಿ. ಮುಖ ಪಕ್ಕಕ್ಕೆ ತಿರುಗಿದ್ದರೂ ಕಣ್ಣು ಎದುರಿನಿಂದ ಕಂಡಂತೆ ಅಗಲವಾಗಿ ತೆರೆದಿರುತ್ತದೆ. ರಾವಣನ ತಲೆಗಳು ಸಾಲಾಗಿ ಹರಡಿಕೊಂಡಿರುತ್ತವೆ. ಗೊಂಬೆ ಕೊರೆದ ಕಲಾವಿದನಿಗೆ ಒಂದು ಕಡೆಯಿಂದ ಎಷ್ಟು ಕಾಣುತ್ತದೆ ಎಂಬುದು ಮುಖ್ಯವಾಗಿರಲಿಲ್ಲ, ಪಾತ್ರವನ್ನು ಗುರುತಿಸಲು ಏನೇನು ಬೇಕು ಎಂಬುದೇ ಮುಖ್ಯವಾಗಿತ್ತು. ಇವೆಲ್ಲವೂ ಘನಾಕೃತಿ ಚಿತ್ರಗಳೆಂದು ನಾನು ಹೇಳುತ್ತಿಲ್ಲ. ಶಿಲ್ಪಿಯ ಉದ್ದೇಶ ಬೇರೆ, ಪಿಕಾಸೊ ಉದ್ದೇಶ ಬೇರೆ. ಆದರೆ ಒಂದು ರೂಪದಲ್ಲಿ ಹಲವು ನೋಟಗಳನ್ನು ಕೂಡಿಸುವುದು ನಮ್ಮ ಕಣ್ಣಿಗೆ ಅಪರಿಚಿತವಲ್ಲ ಎಂಬುದಂತೂ ಸತ್ಯ.

ಭಾರತದಲ್ಲಿ ಈ ಪದ್ಧತಿಯನ್ನು ಮೊದಲು ತಮ್ಮದಾಗಿಸಿಕೊಂಡವರಲ್ಲಿ ಪ್ರಮುಖರು ಕಲ್ಕತ್ತೆಯ ಗಗನೇಂದ್ರನಾಥ ಠಾಕೂರರು (1867–1938). ಇವರು ಚಿತ್ರಕಾರ ಅವನೀಂದ್ರನಾಥರ ಅಣ್ಣ. 1922ರ ಡಿಸೆಂಬರಿನಲ್ಲಿ ಜರ್ಮನಿಯ ಬೌಹೌಸ್ ಕಲಾಶಾಲೆಯ ಚಿತ್ರಗಳ ಪ್ರದರ್ಶನ ಕಲ್ಕತ್ತೆಯಲ್ಲಿ ನಡೆದಾಗ ಇವರ ಘನಾಕೃತಿಯ ರಚನೆಗಳೂ ಅಲ್ಲಿದ್ದವು. ಪಿಕಾಸೊ ಅವರಂತೆ ಸೀಸೆ, ಪಿಟೀಲುಗಳನ್ನು ಬರೆಯದೆ, ಬೆಳಕು ನೆರಳುಗಳು ಕತ್ತರಿಸಿಕೊಂಡು ಹೋಗುವ ಮೆಟ್ಟಿಲುಗಳನ್ನೂ ಮಹಲುಗಳನ್ನೂ ಕೃಷ್ಣನ ದ್ವಾರಕೆಯನ್ನೂ ಅವರು ಬರೆದರು. ಪದ್ಧತಿ ಎಲ್ಲಿಂದ ಬಂದರೂ ವಸ್ತು ನಮ್ಮದಾಗಿರಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಬೇಕಿಲ್ಲ.

ನಾಲ್ಕು ಭಾನುವಾರಗಳ ಕೆಲಸ

ಈಗ ಮನೆಯಲ್ಲಿ ಮಾಡಿಸಬಹುದಾದ ಅಭ್ಯಾಸಕ್ಕೆ ಬರೋಣ. ಎಂಟರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಇದು ಹೊಂದುತ್ತದೆ. ನಾಲ್ಕು ಮಕ್ಕಳು ಸೇರಿದರೆ ಉತ್ತಮ. ಅಣ್ಣತಮ್ಮಂದಿರ ಮಕ್ಕಳು, ನೆರೆಮನೆಯ ಮಕ್ಕಳು ಯಾರಾದರೂ ಸರಿಯೆ. ದಿನಕ್ಕೆ ಒಂದು ಗಂಟೆ ಸಾಕು.

ಬೇಕಾಗುವ ಸಾಮಗ್ರಿ: ನಾಲ್ಕು ಡ್ರಾಯಿಂಗ್ ಹಾಳೆ, ಹತ್ತಿಪ್ಪತ್ತು ತೆಳುವಾದ ಬಿಳಿ ಕಾಗದ, ಪೆನ್ಸಿಲು, ಕತ್ತರಿ, ಮೈದಾಹಿಟ್ಟಿನ ಅಂಟು, ಹಳೆಯ ದಿನಪತ್ರಿಕೆ, ಮುಗಿದ ವರ್ಷದ ಕ್ಯಾಲೆಂಡರು, ಹಳೆಯ ಲಗ್ನಪತ್ರಿಕೆಗಳು, ಎರಡು ಕುಂಚ. ವಸ್ತುವಾಗಿ ಒಂದು ಹಿತ್ತಾಳೆಯ ಚೊಂಬು. ದುಬಾರಿ ಬಣ್ಣದ ಪೆಟ್ಟಿಗೆ ಬೇಕಾಗಿಲ್ಲ.

ಮೊದಲ ಭಾನುವಾರ ನೋಡುವ ಕೆಲಸ. ನಡುಮನೆಯಲ್ಲಿ ಮಣೆಯ ಮೇಲೆ ಚೊಂಬನ್ನು ಇಟ್ಟು, ನಾಲ್ಕು ದಿಕ್ಕಿಗೆ ನಾಲ್ವರು ಮಕ್ಕಳನ್ನು ಕೂರಿಸಿರಿ. ಪ್ರತಿಯೊಬ್ಬರೂ ತಮಗೆ ಕಂಡಂತೆ ಒಂದು ತೆಳು ಕಾಗದದ ಮೇಲೆ ಬರೆಯಲಿ. ಬಳಿಕ ಎದ್ದು ನಿಂತು ಮೇಲಿನಿಂದ ಬಗ್ಗಿ ನೋಡಿ ಇನ್ನೊಂದು ಬರೆಯಲಿ. ಈಗ ಚೊಂಬು ಚೊಂಬಾಗಿ ಉಳಿಯದೆ ಒಂದರೊಳಗೊಂದು ಇರುವ ಬಳೆಗಳಾಗುತ್ತದೆ. ಚೊಂಬನ್ನು ಬೋರಲು ಹಾಕಿ ತಳವನ್ನೂ ಬರೆಯಲಿ. ಕಡೆಗೆ ಕಣ್ಣು ಮುಚ್ಚಿ ಕೈಯಿಂದ ಸವರಿ, ಕೊರಳು ಎಲ್ಲಿ ಸಣ್ಣದಾಗುತ್ತದೆ, ಹೊಟ್ಟೆ ಎಲ್ಲಿ ಉಬ್ಬುತ್ತದೆ, ಎಲ್ಲಿ ನೆಗ್ಗಿದೆ ಎಂಬುದನ್ನು ನೆನಪಿನಿಂದ ಬರೆಯಲಿ. ನಾಲ್ವರ ಕಾಗದಗಳನ್ನೂ ನೆಲದ ಮೇಲೆ ಹರಡಿ, ಇವುಗಳಲ್ಲಿ ನಿಜವಾದ ಚೊಂಬು ಯಾವುದು ಎಂದು ಕೇಳಿರಿ. ಮಕ್ಕಳಲ್ಲಿ ಜಗಳವೇ ಆಗುತ್ತದೆ. ಆಗಲಿ. ಆ ಜಗಳವೇ ಮೊದಲ ಪಾಠ.

ಎರಡನೆಯ ಭಾನುವಾರ ಬಿಡಿಸುವ ಮತ್ತು ಕೂಡಿಸುವ ಕೆಲಸ. ಮಕ್ಕಳು ತಮ್ಮ ಚಿತ್ರಗಳ ಜೊತೆಗೆ ಎದುರು ಕುಳಿತವರ ಒಂದೊಂದು ಚಿತ್ರವನ್ನೂ ಕೇಳಿ ಪಡೆಯಲಿ. ಪ್ರತಿ ಕಾಗದದಿಂದ ತಮಗೆ ಮುಖ್ಯವೆನಿಸಿದ ಒಂದು ಭಾಗವನ್ನು ಕತ್ತರಿಸಲಿ. ಒಂದರಿಂದ ಬಾಯಿಯ ವೃತ್ತ, ಇನ್ನೊಂದರಿಂದ ಹೊಟ್ಟೆಯ ಅರ್ಧ, ಮತ್ತೊಂದರಿಂದ ತಳ. ಈ ತುಂಡುಗಳನ್ನು ಡ್ರಾಯಿಂಗ್ ಹಾಳೆಯ ಮೇಲೆ ಅಂಟಿಸದೆ ಮೊದಲು ಜರುಗಿಸಿ, ತಿರುಗಿಸಿ, ಒಂದರ ಮೇಲೊಂದು ಸ್ವಲ್ಪ ಬರುವಂತೆ ಜೋಡಿಸಲಿ. ಸಮಾಧಾನವಾಗುವವರೆಗೆ ಎಷ್ಟು ಬಾರಿಯಾದರೂ ಬದಲಿಸಲಿ. ಬಳಿಕ ತುಂಡುಗಳ ಅಂಚಿನ ಸುತ್ತ ಪೆನ್ಸಿಲ್ ಗೆರೆ ಎಳೆದು, ಅವುಗಳನ್ನು ತೆಗೆದಿಡಲಿ. ಹಾಳೆಯ ಮೇಲೆ ಉಳಿಯುವ ಗೆರೆಗಳ ಜಾಲವೇ ಚಿತ್ರದ ಎಲುಬಿನ ಹಂದರ. ಅಂಚಿನ ಗೆರೆಗಳನ್ನು ಹಿನ್ನೆಲೆಯವರೆಗೂ ಮುಂದುವರಿಸಿದರೆ ಚೊಂಬು, ಮಣೆ, ಗೋಡೆ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ.

ಮೂರನೆಯ ಭಾನುವಾರ ಬಣ್ಣ. ಮೊದಲ ಘಟ್ಟದ ಘನಾಕೃತಿ ಕಲಾವಿದರು ಕಂದು, ಬೂದು ಬಣ್ಣಗಳಿಗೆ ತಮ್ಮನ್ನು ಮಿತಿಗೊಳಿಸಿಕೊಂಡದ್ದಕ್ಕೆ ಕಾರಣವಿತ್ತು. ಬಣ್ಣದ ಅಬ್ಬರದಲ್ಲಿ ಆಕಾರ ಕಣ್ಮರೆಯಾಗಬಾರದು ಎಂಬುದೇ ಆ ಕಾರಣ. ನಮ್ಮ ಜಿಲ್ಲೆಯ ಮಕ್ಕಳಿಗೆ ಈ ಬಣ್ಣಗಳು ಕಾಲಡಿಯಲ್ಲಿಯೇ ಇವೆ. ಹೊಲದ ಕೆಮ್ಮಣ್ಣನ್ನು ಕುಟ್ಟಿ, ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಇದ್ದಿಲನ್ನು ನುಣ್ಣಗೆ ಅರೆಯಿರಿ. ಬಿಳಿಗೆ ರಂಗೋಲಿ ಪುಡಿ ಸಾಕು. ಸುಣ್ಣ ಬೇಡ, ಕಣ್ಣಿಗೆ ಬಿದ್ದರೆ ಅಪಾಯ. ಜಾಲಿಯ ಅಂಟನ್ನು ರಾತ್ರಿ ನೀರಿನಲ್ಲಿ ನೆನೆಹಾಕಿ ಸೋಸಿ, ಪ್ರತಿಯೊಂದು ಪುಡಿಗೂ ಬೆರೆಸಿದರೆ ಬಣ್ಣ ಸಿದ್ಧ. ಬೇಕಾದರೆ ಅರಿಶಿನವನ್ನೂ ಸೇರಿಸಿಕೊಳ್ಳಬಹುದು. ಆದರೆ ಬಿಸಿಲಿಗೆ ಅದು ಮಾಸುತ್ತದೆ ಎಂಬುದು ನೆನಪಿರಲಿ. ಒಂದೊಂದು ತುಂಡಿನಲ್ಲಿಯೂ ಒಂದು ಅಂಚು ಕಪ್ಪಾಗಿ ಆರಂಭವಾಗಿ ಇನ್ನೊಂದು ಅಂಚಿಗೆ ಬರುವಷ್ಟರಲ್ಲಿ ತಿಳಿಯಾಗಲಿ. ಆಗ ತುಂಡುಗಳು ಹಾಳೆಯಿಂದ ಎದ್ದುಬಂದಂತೆ ಕಾಣುತ್ತವೆ.

ನಾಲ್ಕನೆಯ ಭಾನುವಾರ ಅಂಟಿಸುವ ಕೆಲಸ. ಎರಡು ಮೂರು ತುಂಡುಗಳಲ್ಲಿ ಬಣ್ಣದ ಬದಲು ಕಾಗದ ಬರಲಿ. ಮಣೆಗೆ ಮರದ ಗೆರೆ ಇರುವ ಕಾಗದ, ಗೋಡೆಗೆ ಕ್ಯಾಲೆಂಡರಿನ ಅಂಕಿಗಳು, ಚೊಂಬಿನ ಹೊಳಪಿಗೆ ಲಗ್ನಪತ್ರಿಕೆಯ ಹೊನ್ನಬಣ್ಣದ ಅಂಚು. ಚಿತ್ರಕ್ಕೆ ಚೌಕಟ್ಟು ಹಾಕಿಸುವ ಅಗತ್ಯವಿಲ್ಲ, ಪಿಕಾಸೊ ಸುತ್ತಿದಂತೆ ನಾರಿನ ಹಗ್ಗ ಸುತ್ತಿದರಾಯಿತು. ಎಂಟು ವರ್ಷಕ್ಕಿಂತ ಚಿಕ್ಕ ಮಕ್ಕಳು ಕತ್ತರಿಯ ಕೆಲಸ ಬಿಟ್ಟು, ಹಿರಿಯರು ಕತ್ತರಿಸಿಕೊಟ್ಟ ಬಣ್ಣದ ತುಂಡುಗಳನ್ನು ಜೋಡಿಸಿದರೆ ಸಾಕು.

ಊರೂರಿನ ವಸ್ತುಗಳು

ಚೊಂಬಿನ ಅಭ್ಯಾಸ ಮುಗಿದ ಮೇಲೆ ಮಕ್ಕಳನ್ನು ಮನೆಯಿಂದ ಹೊರಗೆ ಕರೆದೊಯ್ಯಬೇಕು. 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ರೂಪುಗೊಂಡ ನಮ್ಮ ಜಿಲ್ಲೆಯಲ್ಲಿ ವಸ್ತುಗಳಿಗೆ ಕೊರತೆಯಿಲ್ಲ.

ಚಿಕ್ಕಬಳ್ಳಾಪುರದ ಮಕ್ಕಳಿಗೆ ನಂದಿಗ್ರಾಮದ ಭೋಗನಂದೀಶ್ವರ ದೇವಾಲಯದ ಕಲ್ಯಾಣಿ, ಅಂದರೆ ಶೃಂಗಿತೀರ್ಥ, ಒಂದು ಸಿದ್ಧ ಪಾಠಶಾಲೆ. ಸುತ್ತಲೂ ಇಳಿಯುವ ಮೆಟ್ಟಿಲುಗಳ ಮೇಲೆ ಬೆಳಗಿನ ಬಿಸಿಲು ಬಿದ್ದಾಗ ಬೆಳಕಿನ ಪಟ್ಟಿ, ನೆರಳಿನ ಪಟ್ಟಿ ಒಂದರ ಪಕ್ಕದಲ್ಲೊಂದು ಮೂಡುತ್ತವೆ. ಅಲ್ಲಿಂದ ತಲೆಯೆತ್ತಿದರೆ 1478 ಮೀಟರ್ ಎತ್ತರದ ನಂದಿಬೆಟ್ಟ. ಪೇಟೆಯಿಂದ ಕಾಣುವ ಬೆಟ್ಟವೇ ಬೇರೆ, ಗ್ರಾಮದಿಂದ ಕಾಣುವುದೇ ಬೇರೆ, ಬಸ್ಸಿನ ಕಿಟಕಿಯಿಂದ ತಿರುವು ತಿರುವಿಗೂ ಅದು ಬೇರೆ. ಮೂರು ಕಡೆಯ ಬೆಟ್ಟವನ್ನು ಒಂದೇ ಹಾಳೆಯಲ್ಲಿ ಕೂಡಿಸಲು ಮಗುವಿಗೆ ಹೇಳಿರಿ.

ಶಿಡ್ಲಘಟ್ಟದ ಮಕ್ಕಳಿಗೆ ಚಂದ್ರಿಕೆಗಿಂತ ಒಳ್ಳೆಯ ವಸ್ತು ಬೇಕೆ? ಬಿದಿರಿನ ತಟ್ಟಿಯ ಮೇಲೆ ಸುರುಳಿ ಸುತ್ತಿಕೊಂಡು ಹೋಗುವ ಪಟ್ಟಿ, ಅದರ ಸಂದುಗಳಲ್ಲಿ ಬಿಳಿಯ, ಹಳದಿಯ ರೇಷ್ಮೆಗೂಡುಗಳು. ಎದುರಿನಿಂದ ಅದು ಸುರುಳಿ, ಪಕ್ಕದಿಂದ ಒಂದು ತೆಳು ಗೆರೆ. ಗೂಡನ್ನು ಸೀಳಿ ನೋಡಿದರೆ ಒಳಗಿನ ಕೋಶವೂ ಕಾಣುತ್ತದೆ. ಹೊರಗಿನದನ್ನೂ ಒಳಗಿನದನ್ನೂ ಒಟ್ಟಿಗೆ ಬರೆಯುವುದು ಮಕ್ಕಳಿಗೆ ಸಹಜವಾಗಿಯೇ ಬರುತ್ತದೆ. ಅದನ್ನು ತಡೆಯಬೇಡಿ.

ಚಿಂತಾಮಣಿಯ ಸುತ್ತ ಅಂಬಾಜಿದುರ್ಗ, ಕೈಲಾಸಗಿರಿಗಳ ಬಂಡೆಗಳಿವೆ. ಒಂದರ ಮೇಲೊಂದು ಕುಳಿತ ಈ ಗುಂಡುಗಳ ಬಿರುಕುಗಳೇ ಗೆರೆಗಳು, ಮುಖಗಳೇ ತುಂಡುಗಳು. ಮಾರುಕಟ್ಟೆಯಲ್ಲಿ ಸಾಲು ಸಾಲಾಗಿ ಪೇರಿಸಿಟ್ಟ ಟೊಮೆಟೊ ಕ್ರೇಟುಗಳೂ ಒಳ್ಳೆಯ ವಸ್ತುವೇ. ಚೌಕದೊಳಗೆ ದುಂಡು, ದುಂಡಿನ ಮೇಲೆ ಮತ್ತೆ ಚೌಕ.

ಗೌರಿಬಿದನೂರಿನ ಮಕ್ಕಳ ಪೈಕಿ ದೊಡ್ಡವರಿಗೆ ಒಂದು ಗಂಭೀರವಾದ ವಸ್ತುವಿದೆ. 1937ರ ಏಪ್ರಿಲ್ 26ರಂದು ಸ್ಪೇನಿನ ಗೆರ್ನಿಕಾ ಎಂಬ ಪಟ್ಟಣದ ಮೇಲೆ ಯುದ್ಧವಿಮಾನಗಳು ಬಾಂಬು ಸುರಿಸಿದವು. ಆ ಸುದ್ದಿ ತಿಳಿದ ಪಿಕಾಸೊ ಸುಮಾರು ಮೂರೂವರೆ ಮೀಟರ್ ಎತ್ತರ, ಏಳೂಮುಕ್ಕಾಲು ಮೀಟರ್ ಅಗಲದ ಚಿತ್ರವೊಂದನ್ನು ಬರೆದರು. ಬಣ್ಣವಿಲ್ಲ, ಕಪ್ಪು, ಬಿಳಿ, ಬೂದು ಮಾತ್ರ. ಸತ್ತ ಮಗುವನ್ನು ಹಿಡಿದ ತಾಯಿ, ಚೀರುವ ಕುದುರೆ, ದೀಪ ಹಿಡಿದು ಕಿಟಕಿಯಿಂದ ಚಾಚಿದ ಕೈ, ಎಲ್ಲವೂ ಮುರಿದ ತುಂಡುಗಳಲ್ಲಿವೆ. ಅದಾಗಿ ಒಂದು ವರ್ಷಕ್ಕೆ ಒಂದು ದಿನ ಕಡಿಮೆ, 1938ರ ಏಪ್ರಿಲ್ 25ರಂದು, ಗೌರಿಬಿದನೂರಿನ ಹತ್ತಿರದ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅಶ್ವತ್ಥವೃಕ್ಷ, ನಾಗರಕಲ್ಲುಗಳು, ಬಾವುಟ, ಓಡುವ ಕಾಲುಗಳು, ಬಿದ್ದ ಚಪ್ಪಲಿ. ಆ ದಿನವನ್ನು ಒಂದೇ ಕಡೆ ನಿಂತು ಒಬ್ಬರೇ ನೋಡಿದಂತೆ ಬರೆಯಲಾಗದು. ಹುತಾತ್ಮರ ಸ್ಮಾರಕಕ್ಕೆ ಮಕ್ಕಳನ್ನು ಕರೆದೊಯ್ದು, ಕಥೆಯನ್ನು ಹೇಳಿ, ಮೂರೇ ಬಣ್ಣ ಕೊಟ್ಟು ಸುಮ್ಮನಿರಿ. ರೂಪವನ್ನು ಒಡೆದು ಬರೆಯುವುದು ಕೇವಲ ಚಮತ್ಕಾರವಲ್ಲ, ಕೆಲವು ಸತ್ಯಗಳನ್ನು ಹೇಳಲು ಅದೇ ದಾರಿ ಎಂಬುದು ಆಗ ಅವರಿಗೇ ತಿಳಿಯುತ್ತದೆ.

ಒಂದು ಎಚ್ಚರಿಕೆ

ಘನಾಕೃತಿ ಚಿತ್ರವೆಂದು ಹಲವು ಕಡೆ ಮಕ್ಕಳಿಂದ ಮಾಡಿಸುವ ಒಂದು ಕೆಲಸವಿದೆ. ಹೂವನ್ನೋ ಮೀನನ್ನೋ ಎಂದಿನಂತೆ ಬರೆದು, ಅದರ ಮೇಲೆ ಸ್ಕೇಲಿನಿಂದ ಅಡ್ಡಾದಿಡ್ಡಿ ಗೆರೆ ಎಳೆದು, ಪ್ರತಿ ಚೂರಿಗೂ ಒಂದೊಂದು ಬಣ್ಣ ತುಂಬಿಸುತ್ತಾರೆ. ನೋಡಲು ಅಂದವಾಗಿಯೇ ಇರುತ್ತದೆ, ಕೌದಿಯ ಹಾಗೆ. ಆದರೆ ಅಲ್ಲಿ ಮಗು ಮೀನಿನ ಸುತ್ತ ನಡೆದಿಲ್ಲ, ಹೊಸದಾಗಿ ಏನನ್ನೂ ನೋಡಿಲ್ಲ. ಗೆರೆ ಎಳೆದದ್ದು ಸ್ಕೇಲು, ಕಣ್ಣಲ್ಲ. ಅಲಂಕಾರವನ್ನು ಅಲಂಕಾರವೆಂದೇ ಕಲಿಸೋಣ, ತಪ್ಪಿಲ್ಲ. ಘನಾಕೃತಿಯೆಂದು ಕಲಿಸುವಾಗ ಮಾತ್ರ ಪ್ರತಿಯೊಂದು ತುಂಡೂ ಎಲ್ಲಿಂದ ನೋಡಿದ್ದು ಎಂದು ಮಗು ಹೇಳಬಲ್ಲುದಾಗಿರಬೇಕು.

ಚಿತ್ರವನ್ನು ನೋಡುವ ಹಿರಿಯರೂ “ಇದೇನು?” ಎಂದು ಕೇಳದಿರುವುದು ಒಳ್ಳೆಯದು. ಆ ಪ್ರಶ್ನೆಯಲ್ಲಿ “ಇದು ಅದರಂತಿಲ್ಲ” ಎಂಬ ತೀರ್ಪು ಅಡಗಿದೆ. ಅದರ ಬದಲು, “ಈ ಭಾಗವನ್ನು ಎಲ್ಲಿ ನಿಂತು ನೋಡಿದೆ? ಯಾವುದನ್ನು ಬಿಟ್ಟೆ? ಏಕೆ ಬಿಟ್ಟೆ?” ಎಂದು ಕೇಳಿರಿ. ಮಗು ಉತ್ತರ ಹೇಳುತ್ತ ಹೇಳುತ್ತ ತನ್ನ ಚಿತ್ರವನ್ನು ತಾನೇ ತಿದ್ದಿಕೊಳ್ಳುತ್ತದೆ.

ಪಾಲಕರ ಪ್ರಶ್ನೆ

“ಮೊದಲು ಸರಿಯಾಗಿ ಬರೆಯಲು ಕಲಿಯಲಿ, ಆಮೇಲೆ ಇವೆಲ್ಲ” ಎನ್ನುವ ಪಾಲಕರ ಮಾತನ್ನು ತಳ್ಳಿಹಾಕುವಂತಿಲ್ಲ. ಪಿಕಾಸೊ ಸಹ ಬಾಲ್ಯದಲ್ಲಿ ತಂದೆಯ ಕೈಕೆಳಗೆ ಕಣ್ಣಿಗೆ ಕಂಡಂತೆ ಬರೆಯುವುದನ್ನು ಶಿಸ್ತಿನಿಂದ ಕಲಿತವರೇ. ದೂರದ್ದು ಚಿಕ್ಕದಾಗಿ, ಹತ್ತಿರದ್ದು ದೊಡ್ಡದಾಗಿ ಕಾಣುವ ಬಗೆ, ಬೆಳಕು ನೆರಳಿನ ನಿಯಮ, ಇವುಗಳನ್ನು ಮಕ್ಕಳು ಕಲಿಯಲೇಬೇಕು. ಡ್ರಾಯಿಂಗ್ ಗ್ರೇಡ್ ಪರೀಕ್ಷೆಗೆ ಕೂರುವವರಿಗಂತೂ ಅದು ಅನಿವಾರ್ಯ. ಎರಡೂ ಒಟ್ಟಿಗೆ ಸಾಗಬಹುದು. ಚೊಂಬಿನ ಅಭ್ಯಾಸದ ಮೊದಲ ಭಾನುವಾರ ಮಕ್ಕಳು ಮಾಡುವುದು ಕಂಡಂತೆ ಬರೆಯುವ ಕೆಲಸವೇ ತಾನೇ? ಒಂದು ಬಾರಿಯ ಬದಲು ಹಲವು ಬಾರಿ ಮಾಡುತ್ತಾರೆ, ಅಷ್ಟೇ.

ಆದರೆ ಹತ್ತು ಹನ್ನೆರಡರ ವಯಸ್ಸು ಸೂಕ್ಷ್ಮವಾದದ್ದು. ತಾನು ಬರೆದದ್ದು ವಸ್ತುವಿನಂತಿಲ್ಲವೆಂದು ಮಗುವಿಗೆ ಅರಿವಾಗುವ ವಯಸ್ಸು ಅದು. ಕೈ ಇನ್ನೂ ಪಳಗಿಲ್ಲ, ಕಣ್ಣು ಆಗಲೇ ನಿಷ್ಠುರವಾಗಿದೆ. ಈ ಹೊಸ್ತಿಲಲ್ಲಿಯೇ ಬಹುಪಾಲು ಮಕ್ಕಳು ಕುಂಚವನ್ನು ಕೆಳಗಿಡುತ್ತಾರೆ. “ಅದರಂತೆ” ಬರೆಯುವುದೊಂದೇ ಚಿತ್ರವಲ್ಲ, ಸುತ್ತ ನೋಡಿ ತಿಳಿದು ಕಟ್ಟುವುದೂ ಚಿತ್ರವೇ ಎಂದು ತೋರಿಸಿದರೆ, ಹಿಂದಿರುಗಲಿದ್ದ ಮಗು ಹೊಸ್ತಿಲು ದಾಟಿ ಬರುತ್ತದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ನಾವು ಆಗಾಗ ಆಡುತ್ತೇವೆ. ಬಗ್ಗಿಸುವ ಭರದಲ್ಲಿ ಗಿಡವೇ ಮುರಿಯಬಾರದಷ್ಟೆ.

ಇನ್ನೊಂದು ಲಾಭವನ್ನೂ ಹೇಳಬೇಕು. ನಮ್ಮ ತಾಲ್ಲೂಕುಗಳ ಅನೇಕ ಮಕ್ಕಳು ಶಾಲೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಆಡುತ್ತ ಬೆಳೆಯುತ್ತಾರೆ. ಒಂದೇ ವಸ್ತುವಿಗೆ ಎರಡು ಹೆಸರಿದೆ, ಎರಡೂ ಸರಿ ಎಂಬುದು ಅವರಿಗೆ ಆಗಲೇ ಗೊತ್ತು. ಒಂದೇ ವಸ್ತುವಿಗೆ ನಾಲ್ಕು ನೋಟವಿದೆ, ಎದುರು ಕುಳಿತವನಿಗೆ ಕಂಡದ್ದು ಸುಳ್ಳಲ್ಲ ಎಂಬುದನ್ನು ಚೊಂಬು ಕಲಿಸುತ್ತದೆ. ಮುಂದೆ ಮನೆಯ ಪಾಲಿನ ಮಾತಿನಲ್ಲಿ, ಊರಿನ ವ್ಯಾಜ್ಯದಲ್ಲಿ, ಎದುರಿನವರ ಜಾಗದಲ್ಲಿ ಒಮ್ಮೆ ಕುಳಿತು ನೋಡುವ ಅಭ್ಯಾಸ ಇದರಿಂದ ಒಂದಿಷ್ಟು ಬಂದರೂ ನಾಲ್ಕು ಭಾನುವಾರಗಳು ಸಾರ್ಥಕ.

ಬಿಡುವಾದಾಗ ಮಕ್ಕಳನ್ನು ಬೆಂಗಳೂರಿಗೆ ಕರೆದೊಯ್ಯಿರಿ. ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲಿನಲ್ಲಿ 2009ರಲ್ಲಿ ಆರಂಭವಾದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವಿದೆ. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನಲ್ಲಿ ತೊಗಲುಗೊಂಬೆಗಳ ಸಂಗ್ರಹವೂ ಇದೆ. ಪಕ್ಕಕ್ಕೆ ತಿರುಗಿದ ಮುಖದಲ್ಲಿ ಎದುರು ನೋಡುವ ಕಣ್ಣನ್ನು ಮಕ್ಕಳೇ ಹುಡುಕಲಿ.

ಆ ಹುಡುಗನ ಬಂಡಿಯ ಚಿತ್ರ ಈಗ ಎಲ್ಲಿಯೂ ಉಳಿದಿರಲಾರದು. ನನ್ನ ನೆನಪಿನಲ್ಲಿ ಮಾತ್ರ ಅದರ ಎರಡು ಗಾಲಿಗಳೂ ದುಂಡಗೆ ಹಾಗೆಯೇ ನಿಂತಿವೆ. ಓದುಗ ಬಂಧುಗಳಲ್ಲಿ ನನ್ನದೊಂದು ವಿನಂತಿ. ನಿಮ್ಮ ಮಗು ಬರೆದ ಚಿತ್ರದ ಹಾಳೆಯನ್ನು ತಿರುಗಿಸಿ, ಹಿಂಬದಿಯಲ್ಲಿ ಅದರ ಹೆಸರು ಮತ್ತು ತಾರೀಖನ್ನು ಬರೆದು, ಟ್ರಂಕಿನಲ್ಲಿ ಜೋಪಾನವಾಗಿ ಇಡಿ. ಮುಂಬದಿಯಲ್ಲಿ ಏನನ್ನೂ ಬರೆಯಬೇಡಿ.